ಕಣ್ಣು ಒಬ್ಬನದು, ಕೈ ಇನ್ನೊಬ್ಬನದು

ರಾತ್ರಿ ಹತ್ತು ಹೊಡೆದು, ಓಣಿಯ ಗದ್ದಲ ಅಡಗಿ, ಫ್ಯಾನಿನ ಸಪ್ಪಳವೊಂದೇ ಉಳಿದಿರುವಾಗ ತೊಟ್ಟಿಯ ಕಡೆಯಿಂದ 'ಟಪ್' ಅಂತ ಒಂದು ಹೊಡೆತ ಕೇಳುತ್ತದೆ. ಮೊದಲ ಸಲ ಕೇಳಿದವರು ಯಾರೇ ಇರಲಿ, ಗಾಜು ಸೀಳಿತು ಅಂತಲೇ ಎದ್ದು ಓಡುತ್ತಾರೆ. ಲೈಟು ಹಾಕಿ, ನಾಲ್ಕೂ ಬದಿ ಬೆರಳಾಡಿಸಿ ನೋಡಿದರೆ ಒಂದು ಗೆರೆ ಮೂಡಿಲ್ಲ, ಒಂದು ಹನಿ ಸೋರಿಲ್ಲ. ಮತ್ತೆ 'ಟಪ್'! ಧಾರವಾಡದ ಮನೆಯೊಂದರ ಪಡಸಾಲೆಯಲ್ಲಿ, ಸಮುದ್ರಮಟ್ಟದಿಂದ ಏಳುನೂರು ಮೀಟರಿನಷ್ಟು ಎತ್ತರದಲ್ಲಿ, ಮರಳಿನಡಿಯ ಬಿಲದಲ್ಲಿ ಕೂತ ಕಿರುಬೆರಳುದ್ದದ ಒಂದು ಸಿಗಡಿ ಗುಂಡು ಹಾರಿಸುತ್ತಿದೆ.

ಗುಂಡು ಅಂದದ್ದು ಅತಿಶಯವಲ್ಲ. ಇದರ ಹೆಸರೇ ಪಿಸ್ತೂಲು ಸಿಗಡಿ, ಅಲ್ಫಿಯಸ್ ಕುಲದ್ದು. ಎರಡು ಚಿಮಟಿಗಳಲ್ಲಿ ಒಂದು ಮೈಗೆ ಹೊಂದದಷ್ಟು ದೊಡ್ಡದು. ಅದನ್ನು ಬಿಚ್ಚಿ ಫಟ್ಟನೆ ಮುಚ್ಚಿದಾಗ ನಡುವಿನ ನೀರು ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಆ ವೇಗಕ್ಕೆ ಒತ್ತಡ ಕುಸಿದು ನೀರಿನಲ್ಲೊಂದು ಗುಳ್ಳೆ ಹುಟ್ಟುತ್ತದೆ, ಹುಟ್ಟಿದ ಕ್ಷಣಕ್ಕೇ ಒಳಗೆ ಕುಸಿಯುತ್ತದೆ. ಸದ್ದು ಬರುವುದು ಚಿಮಟಿ ಚಿಮಟಿಗೆ ಬಡಿದು ಅಂತ ಬಹಳ ಕಾಲ ನಂಬಲಾಗಿತ್ತು. 2000ದಲ್ಲಿ ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಡೆಟ್ಲೆಫ್ ಲೋಹ್ಸೆ ಮತ್ತು ಸಂಗಡಿಗರು ಸೆಕೆಂಡಿಗೆ 40 ಸಾವಿರ ಚಿತ್ರ ತೆಗೆಯುವ ಕ್ಯಾಮೆರಾ ಇಟ್ಟು ನೋಡಿದರು: ಸದ್ದು ಚಿಮಟಿಯದ್ದಲ್ಲ, ಗುಳ್ಳೆ ಕುಸಿಯುವುದರದ್ದು! ಮರುವರ್ಷ ಅದೇ ತಂಡ ಇನ್ನೂ ನಂಬಲಾಗದ ಸಂಗತಿ ಹೇಳಿತು. ಕುಸಿಯುವ ಆ ಗುಳ್ಳೆಯಿಂದ ಒಂದು ಕಿಡಿ ಬೆಳಕು ಬರುತ್ತದೆ. ನಮ್ಮ ಕಣ್ಣಿಗೆ ಕಾಣದಷ್ಟು ಕ್ಷೀಣ, ಅಳೆಯಲು ನ್ಯಾನೋಸೆಕೆಂಡು ಬೇಕಾಗುವಷ್ಟು ಚುಟುಕು. ಆದರೆ ಅದು ಹೇಳುವ ಕತೆ ಮಾತ್ರ ದೊಡ್ಡದು, ಗುಳ್ಳೆಯೊಳಗೆ ಉಷ್ಣತೆ 5,000 ಕೆಲ್ವಿನ್ ಮುಟ್ಟುತ್ತದೆ. ಸೂರ್ಯನ ಮೇಲ್ಮೈ 5,800ರ ಆಸುಪಾಸು. ಎರಡನೆಯ ಮಹಾಯುದ್ಧದಲ್ಲಿ ಸಬ್‌ಮರೀನು ಹುಡುಕಲು ಕಿವಿಗೊಟ್ಟು ಕೂತ ನೌಕಾಪಡೆಗಳಿಗೆ ಈ ಸಿಗಡಿಗಳ ಚಟಪಟವೇ ಅಡ್ಡ ಬಂದು, ವಿಜ್ಞಾನಿಗಳನ್ನು ಹಚ್ಚಿ ಅದರ ಮೂಲ ಹುಡುಕಿಸಬೇಕಾಯಿತು.

ಇಷ್ಟೆಲ್ಲ ಶೌರ್ಯದ ಈ ಪ್ರಾಣಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ! ಅದಕ್ಕೇ ಅದರ ಬಿಲದ ಬಾಯಲ್ಲಿ ಇನ್ನೊಬ್ಬ ಕೂತಿದ್ದಾನೆ. ನಾನು ಹೇಳಹೊರಟದ್ದು ಅವನ ಬಗ್ಗೆ. ಹಳದಿ ಮೈ, ಅದರ ಮೇಲೆ ನೀಲಿ ಚುಕ್ಕಿ, ನೆತ್ತಿಯ ಮೇಲೆ ಉಬ್ಬಿಕೊಂಡ ಎರಡು ಕಣ್ಣು, ಸದಾ ಯಾರ ಮೇಲೋ ಸಿಟ್ಟಾದಂಥ ಮುಖ. ಗೋಬಿ ಮೀನು. ಶಾಸ್ತ್ರೀಯವಾಗಿ ಕ್ರಿಪ್ಟೊಸೆಂಟ್ರಸ್ ಸಿಂಕ್ಟಸ್, ಮೀನು ಸಾಕುವವರ ಬಾಯಲ್ಲಿ 'ಯೆಲ್ಲೊ ವಾಚ್‌ಮನ್'. ಮೀನು ಅಂದಮೇಲೆ ಈಜಬೇಕಲ್ಲ? ಇವನು ಈಜುವುದು ಕಡಿಮೆ, ಕೂರುವುದೇ ಹೆಚ್ಚು. ಎದೆಯಡಿಯ ಎರಡು ರೆಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಬಟ್ಟಲಾಗಿವೆ. ಬಹುಪಾಲು ಗೋಬಿಗಳ ಗುರುತೇ ಇದು, ಕಲ್ಲಿಗೂ ಗಾಜಿಗೂ ಆ ಬಟ್ಟಲಿನಿಂದಲೇ ಅಂಟಿಕೊಳ್ಳುತ್ತವೆ.

ಒಂದು ಕುರ್ಚಿ ಎಳೆದುಕೊಂಡು ಕೂತು ನೋಡಬೇಕು. ಸಿಗಡಿ ಎರಡೂ ಚಿಮಟಿ ಮುಂದೆ ಮಾಡಿ ಮರಳನ್ನು ತಳ್ಳಿಕೊಂಡು ಬಿಲದಿಂದ ಹೊರಗೆ ಬರುತ್ತದೆ, ಸುರಿಯುತ್ತದೆ, ಒಳಗೆ ಹೋಗುತ್ತದೆ, ಮತ್ತೊಂದು ಹೊರೆ ತರುತ್ತದೆ. ಕಪ್ಪೆಚಿಪ್ಪಿನ ಚೂರು ಸಿಕ್ಕರೆ ಬಾಗಿಲಿಗೆ ಕಮಾನು ಕಟ್ಟುತ್ತದೆ. ದಿನವಿಡೀ ಇದೇ ಕೆಲಸ, ಏಕೆಂದರೆ ಮರಳಿನ ಮನೆ ದಿನವಿಡೀ ಕುಸಿಯುತ್ತಲೇ ಇರುತ್ತದೆ. ಆದರೆ ಹೊರಗೆ ಬಂದಾಗಲೆಲ್ಲ ಅದರ ಒಂದು ಮೀಸೆ ಮೀನಿನ ಬಾಲಕ್ಕೆ ತಾಗಿರಲೇಬೇಕು! ಸಿದ್ಧಾರೂಢರ ಜಾತ್ರೆಯ ಗದ್ದಲದಲ್ಲಿ ಮಗು ಅವ್ವನ ಸೆರಗು ಹಿಡಿದುಕೊಂಡಂತೆ. ಎದುರಿಗೆ ನೆರಳೊಂದು ಹಾದರೆ ಗೋಬಿ ಬಾಲವನ್ನು ಸಣ್ಣಗೆ ಅದುರಿಸುತ್ತದೆ, ಅಷ್ಟೇ. ಸಿಗಡಿ ಅಲ್ಲೇ ಹೊರೆ ಬಿಟ್ಟು ಹಿಂದಕ್ಕೆ ಸರಿಯುತ್ತದೆ. ಅಪಾಯ ಹತ್ತಿರವಾದರೆ ಮೀನು ತಲೆ ಕೆಳಗಾಗಿ ಬಿಲಕ್ಕೆ ಧುಮುಕುತ್ತದೆ, ಸಿಗಡಿ ಅದಕ್ಕೂ ಮೊದಲೇ ಒಳಗೆ. ಸ್ವಲ್ಪ ಹೊತ್ತಿಗೆ ಮೊದಲು ಹೊರಗೆ ಬರುವುದು ಕಣ್ಣಿದ್ದವನು. ಆಮೇಲೆ ಮೀಸೆ. ಆಮೇಲೆ ಚಿಮಟಿ. ಮತ್ತೆ ಮರಳು.

ಸಂಜೆಯಾದರೆ ಇಬ್ಬರೂ ಒಳಗೆ. ಬಾಗಿಲು ಕುಸಿದು ಮುಚ್ಚಿಹೋಗುತ್ತದೆ. ಮುಂಜಾನೆ ಬೆಳಕಾದ ಮೇಲೆ ಮರಳು ಒಳಗಿನಿಂದ ಅಲುಗಿ, ತೂತು ಬಿದ್ದು, ಹಳದಿ ತಲೆಯೊಂದು ಈಚೆ ಬರುತ್ತದೆ. ಮನೆಗೆ ಬಂದ ಬಂಧುಗಳು ಚಹಾ ಆರುವ ತನಕ ಇದನ್ನೇ ನೋಡುತ್ತಾ, "ಇವಕ್ಕ ಯಾರ್ ಕಲಿಸ್ಯಾರ್ರೀ ಇದನ್ನ?" ಅಂತ ಕೇಳಿದ್ದುಂಟು. ಸಮುದ್ರವಿಜ್ಞಾನಿಗಳ ಪ್ರಶ್ನೆಯೂ ಅದೇ! ಇಲಾನ್ ಕಾರ್ಪ್ಲಸ್ ಎಂಬ ಇಸ್ರೇಲಿ ವಿಜ್ಞಾನಿ 1970ರ ದಶಕದಿಂದ ಕೆಂಪು ಸಮುದ್ರದಲ್ಲಿ ಈ ಜೋಡಿಯ ಹಿಂದೆ ಬಿದ್ದರು. ಇವು ಒಟ್ಟಿಗೆ ಹುಟ್ಟುವುದಿಲ್ಲ. ಎರಡರ ಮರಿಗಳೂ ಬೇರೆ ಬೇರೆ ಮೊಟ್ಟೆಯೊಡೆದು, ಬಯಲು ಸಮುದ್ರದಲ್ಲಿ ತೇಲಿ, ಯಾವುದೋ ಮರಳಿನ ಮೇಲೆ ಇಳಿದು, ಅಲ್ಲಿ ಒಂದನ್ನೊಂದು ಹುಡುಕಿಕೊಳ್ಳಬೇಕು. ಹೇಗೆ? ಮೀನು ಸಿಗಡಿಯನ್ನು ಕಣ್ಣಿನಿಂದ ಗುರುತಿಸುತ್ತದೆ, ಸಿಗಡಿ ಮೀನನ್ನು ನೀರಿನಲ್ಲಿ ಕರಗಿ ಬರುವ ವಾಸನೆಯಿಂದ! ತೊಟ್ಟಿಯ ಈ ತುದಿಗೆ ಒಂದು, ಆ ತುದಿಗೆ ಇನ್ನೊಂದನ್ನು ಬಿಟ್ಟು ದೀಪ ಆರಿಸಿ ಮಲಗಿದರೆ, ಎದ್ದು ಬರುವಷ್ಟರಲ್ಲಿ ಎರಡೂ ಒಂದೇ ಬಿಲದಲ್ಲಿರುವ ಸಾಧ್ಯತೆ ಸಾಕಷ್ಟು. ನೂರಕ್ಕೂ ಹೆಚ್ಚು ಪ್ರಭೇದದ ಗೋಬಿಗಳು ಹೀಗೆ ಸಿಗಡಿಗಳ ಜೊತೆ ಒಕ್ಕಲಿರುತ್ತವೆ. ಬಾಡಿಗೆಯಾಗಿ ಕಾವಲು ಮಾತ್ರ ಸಲ್ಲುತ್ತದೆ ಅಂತ ಬಹಳ ದಿನ ತಿಳಿದಿದ್ದೆವು. ಈಚಿನ ಅಧ್ಯಯನಗಳು ಇನ್ನೊಂದು ಲೆಕ್ಕ ತೋರಿಸಿವೆ, ಮೀನು ಬಿಲದೊಳಗೆ ಹಾಕುವ ಹಿಕ್ಕೆಯೇ ಸಿಗಡಿಗೆ ಮುಖ್ಯ ಆಹಾರವಂತೆ. ಬಂಧುಗಳು ಚಹಾ ಕುಡಿಯುವಾಗ ಇದನ್ನು ನಾನು ಹೇಳುವುದಿಲ್ಲ.

ಸಮುದ್ರವಿಲ್ಲದ ಊರಿಗೆ ಇದೆಲ್ಲ ಎಲ್ಲಿಂದ ಬಂತು ಅನ್ನುವವರಿಗೆ ಒಂದು ಮಾತು. ಧಾರವಾಡ ಸಮುದ್ರಕ್ಕೆ ತೀರಾ ಪರಕೀಯವಲ್ಲ. ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯೊಡನೆ ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅಂಕೋಲಾ ಸೀಮೆಯಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ನಮ್ಮ ನಲ್ಲಿಗೆ ಬರುವ ಮಲಪ್ರಭೆಯ ನೀರನ್ನು ಅದರ ಪಾಡಿಗೆ ಬಿಟ್ಟಿದ್ದರೆ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಿತ್ತು. ಒಂದೇ ಊರು, ಎರಡು ಸಮುದ್ರದ ಬಾಗಿಲು! ಇನ್ನೂ ಹಿಂದಕ್ಕೆ ಹೋದರೆ, 19ನೇ ಶತಮಾನದ ಕೊನೆಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 'ಧಾರವಾಡ' ಎಂಬ ಹೆಸರಿಟ್ಟ ಶಿಲಾಸಮೂಹದಲ್ಲಿ ಸಮುದ್ರತಳದಲ್ಲಿ ಹೆಪ್ಪುಗಟ್ಟಿದ ಲಾವಾ ಇದೆ. ಚಿತ್ರದುರ್ಗದ ಬಳಿ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಆ ಲಾವಾ ಬಂಡೆಗಳನ್ನು ಈಗಲೂ ಮುಟ್ಟಿ ನೋಡಬಹುದು, ವಯಸ್ಸು ಸುಮಾರು 250 ಕೋಟಿ ವರ್ಷ. ಹುಬ್ಬಳ್ಳಿ-ಅಂಕೋಲಾ ರೈಲು ಮಾತ್ರ ದಶಕಗಳಿಂದ ಕಡತ ಬಿಟ್ಟು ಕೆಳಗಿಳಿದಿಲ್ಲ. ಅಷ್ಟರೊಳಗೆ ಸಮುದ್ರವೇ ಥರ್ಮೋಕೋಲ್ ಡಬ್ಬಿಯಲ್ಲಿ ಕೂತು ಘಟ್ಟ ಹತ್ತಿತು.

ಡಬ್ಬಿಯಲ್ಲಿ ಬರುವುದು ಮೀನು, ನೀರನ್ನು ಮನೆಯಲ್ಲೇ ಮಾಡಬೇಕು. ಇದು ನನಗೆ ಇನ್ನೂ ಬೆರಗು: ಸಮುದ್ರವನ್ನು ಮಾಡಬಹುದು! ನಲ್ಲಿ ನೀರು ನೇರವಾಗಿ ನಡೆಯದು. ಅದರಲ್ಲಿರುವ ಕ್ಲೋರಿನ್, ಸುಣ್ಣ, ಫಾಸ್ಫೇಟ್, ಸಿಲಿಕೇಟ್ ಎಲ್ಲ ಹೊರಗೆ ಹೋಗಬೇಕು. ಆರ್‌ಓ ಯಂತ್ರಕ್ಕೆ ಅಯಾನು ಹೀರುವ ಇನ್ನೊಂದು ಕೊಳವೆ ಜೋಡಿಸಿ, ಮೀಟರು ಸೊನ್ನೆ ತೋರಿಸುವಷ್ಟು ಬರಿದಾದ ನೀರನ್ನು ತೆಗೆಯಬೇಕು. ಅದಕ್ಕೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಸಮುದ್ರದ ಉಪ್ಪು ಬೆರೆಸಬೇಕು. ಅಡುಗೆಮನೆಯ ಉಪ್ಪಲ್ಲ. ಸೋಡಿಯಂ ಕ್ಲೋರೈಡಿನ ಜೊತೆ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟು, ಸ್ಟ್ರಾಂಷಿಯಂ ತನಕ ಸಮುದ್ರದ ಪ್ರಮಾಣಕ್ಕೆ ತೂಗಿದ ಪುಡಿ ಅದು. ಅರವತ್ತು ಲೀಟರಿಗೆ ಎರಡು ಕಿಲೋ ಚಿಲ್ಲರೆ. ಒಂದು ರಾತ್ರಿ ಕಲಕಲು ಬಿಟ್ಟು ಬೆಳಗ್ಗೆ ರಿಫ್ರ್ಯಾಕ್ಟೋಮೀಟರಿನಲ್ಲಿ ಒಂದು ಹನಿ ಇಟ್ಟು ಬೆಳಕಿಗೆ ಹಿಡಿದರೆ ಸಾಂದ್ರತೆ 1.025. ಕಾರವಾರದ ಕಡಲಂಚಿನಲ್ಲಿ ಮಳೆಗಾಲದಲ್ಲಿ ಕಾಳಿ ನದಿ ಸುರಿಯುವ ಸಿಹಿನೀರಿಗೆ ಸಮುದ್ರವೇ ಸಪ್ಪೆಯಾಗುತ್ತದೆ. ಆ ದಿನಗಳಲ್ಲಿ ಅಲ್ಲಿಗಿಂತ ಅಚ್ಚುಕಟ್ಟಾದ ಕಡಲು ಧಾರವಾಡದ ಬಕೆಟಿನಲ್ಲಿರುತ್ತದೆ ಅಂದರೆ ಕಾರವಾರದವರು ಬೇಸರ ಮಾಡಿಕೊಳ್ಳಬಾರದು.

ಆಮೇಲೆ ಕಾಯುವ ಕೆಲಸ. ಮೀನಿನ ಮಲಮೂತ್ರದ ಅಮೋನಿಯಾ ವಿಷ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟು ಮಾಡುತ್ತದೆ, ಅದೂ ವಿಷ. ಇನ್ನೊಂದು ಬಗೆಯದು ಅದನ್ನು ನೈಟ್ರೇಟು ಮಾಡುತ್ತದೆ, ಅದು ಸಹ್ಯ. ಕಣ್ಣಿಗೆ ಕಾಣದ ಈ ಎರಡು ಪಡೆಗಳು ಕಲ್ಲಿನ ರಂಧ್ರಗಳಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯತನಕ ಬರೀ ಕಲ್ಲು, ಮರಳು, ನೀರು. ಮನೆಯವರು ಇದನ್ನೇ ಮೀನಿನ ತೊಟ್ಟಿ ಅಂತ ಒಪ್ಪಿಕೊಳ್ಳುವುದು ಕಷ್ಟ. ಬೇಸಿಗೆಯದು ಬೇರೆ ಪಂಚಾಯ್ತಿ. ಹುಬ್ಬಳ್ಳಿಯ ಏಪ್ರಿಲ್ಲು 37 ಡಿಗ್ರಿ ದಾಟುತ್ತದೆ, ತೊಟ್ಟಿಗೆ 26ರ ಆಸುಪಾಸು ಬೇಕು. ನೀರಿನ ಮೇಲೆ ಸಣ್ಣ ಫ್ಯಾನು ಹಚ್ಚಿದರೆ ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ತುಂಬಿಸಬೇಕಾದ್ದು ಸಿಹಿನೀರು! ಹೊಸಬರು ಉಪ್ಪುನೀರು ಹಾಕಿ ಕೆಡುವುದು ಇಲ್ಲೇ. ಕರೆಂಟು ಹೋದ ಮಧ್ಯಾಹ್ನಕ್ಕೆ ಬ್ಯಾಟರಿಯ ಗಾಳಿಪಂಪು ಇರಲೇಬೇಕು. ವಾರಕ್ಕೊಮ್ಮೆ ನಲ್ಲಿ ನೀರಿಗೆ ಕಾದು ಡ್ರಮ್ಮು, ಕೊಡ, ಸಿಂಟೆಕ್ಸು ಎಲ್ಲ ತುಂಬಿಸಿ ಬೆಳೆದ ನಮ್ಮವರಿಗೆ ನೀರಿನ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ ಬಿಡಿ.

ಹವಳ ಎಲ್ಲಿ ಅಂತ ಕೇಳುವಿರಿ. ನನ್ನ ತೊಟ್ಟಿಯಲ್ಲಿ ಜೀವಂತ ಹವಳವಿಲ್ಲ, ಅಚ್ಚು ಹಾಕಿದ ರಂಧ್ರಗಲ್ಲು ಇದೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನೆಲ್ಲ 2001ರಲ್ಲಿ ಭಾರತ ಸರ್ಕಾರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಿತು, ಹುಲಿಯ ಸಾಲಿಗೆ. ಕಡಲಕುದುರೆಗೂ ಆಗಲೇ ಅದೇ ರಕ್ಷಣೆ ಸಿಕ್ಕಿತು. ಮುರುಡೇಶ್ವರದಾಚೆಯ ನೇತ್ರಾಣಿಯಿಂದ ಒಂದು ಕಡ್ಡಿ ಹವಳ ಮುರಿದು ತಂದರೂ ಅದು ಅಪರಾಧ, ಆಗಬೇಕಾದ್ದೇ. ವಿದೇಶದಿಂದ ಬಂದದ್ದಕ್ಕೂ 2022ರ ತಿದ್ದುಪಡಿಯ ನಂತರ ಕಾಗದಪತ್ರ ಬೇಕು. ಅಂಗಡಿಯವರು "ಏನೂ ಆಗೂದಿಲ್ರೀ" ಅಂದರೂ ನಂಬುವ ಹಾಗಿಲ್ಲ. ಗೋಬಿಗೆ ಹೇಗೂ ಹವಳವೇ ಬೇಕೆಂಬ ಹಟವಿಲ್ಲ. ಒಂದು ಬಿಲ, ಒಂದು ಚಾಚುಗಲ್ಲು, ಮುಂದೊಂದು ಮೊಳ ಮರಳಿನ ಅಂಗಳ ಇದ್ದರೆ ಅದೇ ಅವನ ಸಾಮ್ರಾಜ್ಯ. ಗಾತ್ರ ಚಿಕ್ಕದು, ಓಡಾಟ ಕಡಿಮೆ, ಆದ್ದರಿಂದಲೇ ಸಾಗರದ ಮೀನೊಂದು ಅರವತ್ತು ಲೀಟರಿನಲ್ಲಿ ತನ್ನ ನಿಜವಾದ ಬಾಳನ್ನು ಬಾಳಬಲ್ಲದು. ದೊಡ್ಡ ಸರ್ಜನ್ ಮೀನನ್ನು ಇಷ್ಟೇ ನೀರಿನಲ್ಲಿಟ್ಟರೆ ಅದು ಸೆರೆಮನೆ.

ಚಿಕ್ಕದು ಎಂದೆನಲ್ಲ, ಎಷ್ಟು ಚಿಕ್ಕದು? ಗೋಬಿಗಳ ಕುಟುಂಬ ಮೀನುಲೋಕದ ಅತಿ ದೊಡ್ಡ ಕುಟುಂಬಗಳಲ್ಲೊಂದು, ಸಾವಿರಾರು ಅನ್ನುವಷ್ಟು ಪ್ರಭೇದ, ಅದರೊಳಗೆ ಜಗತ್ತಿನ ಅತಿ ಕುಳ್ಳ ಕಶೇರುಕಗಳೂ ಸೇರಿವೆ. ಹಿಂದೂ ಮಹಾಸಾಗರದಲ್ಲಿ, ನಮ್ಮ ಲಕ್ಷದ್ವೀಪ ಮತ್ತು ಮಾಲ್ಡೀವ್ಸ್ ಹಿಡಿದು ತೆಂಕಕ್ಕೆ ಇಳಿದರೆ ಸಿಗುವ ಚಾಗೋಸ್ ದ್ವೀಪಗಳಿಂದ 1981ರಲ್ಲಿ ವರ್ಣಿಸಲಾದ ಟ್ರಿಮ್ಮಟಮ್ ನ್ಯಾನಸ್ ಪೂರ್ತಿ ಬೆಳೆದರೂ ಒಂದು ಸೆಂಟಿಮೀಟರು ದಾಟುವುದಿಲ್ಲ. ಆ ಒಂದು ಸೆಂಟಿಮೀಟರಿನೊಳಗೆ ಬೆನ್ನೆಲುಬು, ಹೃದಯ, ಮೆದುಳು, ಕಿವಿಯ ಕಲ್ಲು, ಮೊಟ್ಟೆ ತುಂಬಿದ ಗರ್ಭ! ಇನ್ನು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಎವಿಯೋಟ ಸಿಗಿಲ್ಲಾಟ. 2005ರಲ್ಲಿ ಡೆಪ್ಚಿನ್ಸ್ಕಿ ಮತ್ತು ಬೆಲ್‌ವುಡ್ ಇದರ ಕಿವಿಗಲ್ಲಿನಲ್ಲಿ ದಿನಕ್ಕೊಂದರಂತೆ ಮೂಡುವ ಉಂಗುರಗಳನ್ನು ಸೂಕ್ಷ್ಮದರ್ಶಕದಡಿ ಎಣಿಸಿದರು. ಅತಿ ಹೆಚ್ಚೆಂದರೆ 59. ಕಶೇರುಕಗಳಲ್ಲಿ ಅದಕ್ಕಿಂತ ಕಿರಿದಾದ ಆಯುಸ್ಸು ಆವರೆಗೆ ದಾಖಲಾಗಿರಲಿಲ್ಲ. ಮೂರು ವಾರ ಬಯಲು ಸಮುದ್ರದಲ್ಲಿ ಮರಿಯಾಗಿ ತೇಲಾಟ, ದಿಬ್ಬಕ್ಕಿಳಿದು ಒಂದೆರಡು ವಾರದಲ್ಲಿ ಪ್ರಾಯ, ಉಳಿದ ಮೂರೂವರೆ ವಾರದಲ್ಲಿ ಸಂಗಾತಿ, ಸಂಸಾರ, ಕಾವಲು, ಸಾವು. ಯುಗಾದಿಗೆ ಹುಟ್ಟಿದ್ದು ಕಾರಹುಣ್ಣಿಮೆ ಕಾಣುವುದಿಲ್ಲ.

ಇಷ್ಟು ಅಲ್ಪಾಯುಷಿಗಳಿಂದ ಏನಾಗುತ್ತದೆ? ಇಲ್ಲಿ ನಾನು ಓದುತ್ತಾ ಕುರ್ಚಿಯಿಂದ ಎದ್ದು ನಿಂತೆ. ಹವಳದ ದಿಬ್ಬಗಳ ಸುತ್ತಲಿನ ನೀರು ಸತ್ವಹೀನ, ಪಾಚಿಯ ಹಸಿರೂ ಇಲ್ಲದಷ್ಟು ತಿಳಿ. ಆದರೂ ಅಲ್ಲಿ ಮೀನುಗಳ ಸಂತೆ. ಡಾರ್ವಿನ್ನನ ಕಾಲದಿಂದ ಇದೊಂದು ಒಗಟು. 2019ರಲ್ಲಿ ಸೈಮನ್ ಬ್ರಾಂಡ್ಲ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಒಗಟಿನ ಒಂದು ತುಂಡನ್ನು ಬಿಡಿಸಿದರು. ದಿಬ್ಬದ ಮೇಲೆ ತಿನ್ನಲಾಗುವ ಮೀನಿನ ಮಾಂಸದಲ್ಲಿ ಹೆಚ್ಚುಕಡಿಮೆ ಶೇ 60 ಬರುವುದು, ಸಂದುಗೊಂದಿನಲ್ಲಿ ಅಡಗಿರುವ ಇಂಥ ಗೋಬಿ ಮತ್ತು ಅವುಗಳ ಗಾತ್ರದ ಇತರ ಪುಟಾಣಿಗಳಿಂದ! ಈಜುಗಾರರ ಕಣ್ಣಿಗೆ ಬೀಳುವುದೇ ಇಲ್ಲ ಇವು, ಏಕೆಂದರೆ ಹುಟ್ಟಿದಷ್ಟೇ ಬೇಗ ಯಾರದೋ ಬಾಯಿ ಸೇರುತ್ತವೆ. ಹುಟ್ಟುವ ವೇಗ ತಿನ್ನುವ ವೇಗವನ್ನು ಮೀರುತ್ತಲೇ ಇರುವುದಕ್ಕೂ ಕಾರಣವಿದೆ. ಇವುಗಳ ಮರಿಗಳು ದೂರ ಕೊಚ್ಚಿಹೋಗದೆ ಹೆತ್ತ ದಿಬ್ಬದ ಹತ್ತಿರವೇ ಸುಳಿದಾಡುತ್ತವೆ, ದಿಬ್ಬದ ಸಮೀಪದ ಮೀನುಮರಿಗಳಲ್ಲಿ ಮೂರನೇ ಎರಡರಷ್ಟು ಇವೇ. ಫೋಟೋದಲ್ಲಿ ಮೆರೆಯುವ ಗಿಳಿಮೀನು, ಚಿಟ್ಟೆಮೀನುಗಳ ಬೆನ್ನ ಹಿಂದೆ ಈ ಅನಾಮಿಕರ ಪಡೆ ನಿಂತಿದೆ.

ಮತ್ತೆ ಆ ಗೋಬಿಯೋಡಾನ್! ಹವಳದ ಕೊಂಬೆಗಳ ನಡುವೆಯೇ ಹುಟ್ಟಿ ಸಾಯುವ ಗುಂಡು ಮುಖದ ಗೋಬಿ. ಮೈಗೆ ಶಲ್ಕವಿಲ್ಲ, ವಿಷದ ಲೋಳೆ ಇದೆ. ಒಂದು ಕೊಂಬೆಯಲ್ಲಿ ಎರಡು ಹೆಣ್ಣು ಸೇರಿದರೆ ಒಂದು ಗಂಡಾಗುತ್ತದೆ, ಎರಡು ಗಂಡು ಸೇರಿದರೆ ಒಂದು ಹೆಣ್ಣಾಗುತ್ತದೆ. ಮನೆ ಬಿಟ್ಟು ಹೊರಗೆ ಹೋದರೆ ಯಾರೋ ತಿಂದುಹಾಕುವ ಊರಿನಲ್ಲಿ ವರಾನ್ವೇಷಣೆಗೆ ಹೊರಡುವುದಕ್ಕಿಂತ ತಾನೇ ಬದಲಾಗುವುದು ಲೇಸು. ಫಿಜಿಯಲ್ಲಿ ಡ್ಯಾನಿಯೆಲ್ ಡಿಕ್ಸನ್ ಮತ್ತು ಮಾರ್ಕ್ ಹೇ ಇವುಗಳ ಹವಳಕ್ಕೆ ವಿಷಪಾಚಿಯ ಎಳೆಯೊಂದನ್ನು ತಾಗಿಸಿ ನೋಡಿದರು, 2012ರಲ್ಲಿ ಅದು ಪ್ರಕಟವಾಯಿತು. ಪಾಚಿ ಸೋಕಿದ ಹವಳ ನೀರಿಗೊಂದು ರಾಸಾಯನಿಕ ಬಿಡುತ್ತದೆ, ಹದಿನೈದು ನಿಮಿಷದೊಳಗೆ ಗೋಬಿ ಎದ್ದು ಬಂದು ಪಾಚಿಯನ್ನು ಕತ್ತರಿಸಲು ತೊಡಗುತ್ತದೆ. ಹವಳ ಕರೆಯಿತು, ಮೀನು ಓಗೊಟ್ಟಿತು. ಒಂದು ಪ್ರಭೇದವಂತೂ ಆ ಪಾಚಿಯನ್ನು ನುಂಗಿ ತನ್ನ ಲೋಳೆಯ ವಿಷವನ್ನೇ ಹೆಚ್ಚಿಸಿಕೊಳ್ಳುತ್ತದೆ!

ಇವೆಲ್ಲ ದೂರದ ಸಮುದ್ರದ ಕತೆ ಅಂದುಕೊಂಡವರು ಕಾಳಿಯ ಅಳಿವೆಗೋ ಅಘನಾಶಿನಿಯ ಗಜನಿಗೋ ಇಳಿತದ ಹೊತ್ತಿಗೆ ಹೋಗಿ ನಿಲ್ಲಬೇಕು. ಕೆಸರಿನ ಮೇಲೆ ರೆಕ್ಕೆ ಊರಿ ನಡೆಯುವ, ಟಣ್ಣನೆ ಜಿಗಿಯುವ, ಉಬ್ಬುಗಣ್ಣಿನ ಮಡ್‌ಸ್ಕಿಪರ್‌ಗಳು ಗೋಬಿಯ ಖಾಸಾ ನೆಂಟರು. ಕೃಷ್ಣೆಯ ಕೊಳ್ಳದ ಸಿಹಿನೀರಿನಲ್ಲೂ ಒಂದು ಗೋಬಿ ಇದೆ, ಗ್ಲಾಸೊಗೋಬಿಯಸ್ ಗಿಯುರಿಸ್, ಕೆರೆಹೊಳೆಗಳ ತಳದಲ್ಲಿ ಮರಳಿನ ಬಣ್ಣಕ್ಕೆ ಬೆರೆತು ಕೂರುವ ಮೀನು. ಅದನ್ನು 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ವರ್ಣಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್ ಬೇರಾರೂ ಅಲ್ಲ, ಅದಕ್ಕೂ ಸುಮಾರು ಇಪ್ಪತ್ತು ವರ್ಷ ಹಿಂದೆ, ಟಿಪ್ಪು ಬಿದ್ದ ಮರುವರ್ಷ ಮದರಾಸಿನಿಂದ ಹೊರಟು ಮೈಸೂರು ಸೀಮೆ, ಕೆನರಾ ಸುತ್ತಿ, ಅಂಕೋಲಾ, ಸದಾಶಿವಗಡ ಹಾದು, ಘಟ್ಟ ಹತ್ತಿ ಹಳಿಯಾಳದ ತನಕ ಬಂದಿದ್ದ ಅದೇ ಬುಕಾನನ್! ಹಳಿಯಾಳಕ್ಕೂ ಧಾರವಾಡಕ್ಕೂ ಎಷ್ಟು ದೂರ? ಅಂದು ಭತ್ತ, ಕಬ್ಬು, ಕಾಳುಮೆಣಸಿನ ಲೆಕ್ಕ ಬರೆದುಕೊಂಡು ಹೋದವನು ಮುಂದೆ ಮೀನಿನ ಹುಚ್ಚು ಹಿಡಿಸಿಕೊಂಡ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯವಂತೂ ಗುಡ್ಡದ ಮೇಲೆ ಕೂತೇ ಕಾರವಾರದ ಕೋಡಿಬಾಗಿನಲ್ಲಿ ಸಮುದ್ರಜೀವಶಾಸ್ತ್ರದ ವಿಭಾಗ ತೆರೆದಿದೆ. ಧಾರವಾಡದ ಮೊಹರು ಹೊತ್ತು ಕಡಲನ್ನು ಓದಿದ ಮಕ್ಕಳ ತಲೆಮಾರುಗಳೇ ಇವೆ.

ಗೋಬಿಯ ಹುಚ್ಚು ಅರಮನೆಯನ್ನೂ ಬಿಟ್ಟಿಲ್ಲ. ಜಪಾನಿನ ಚಕ್ರವರ್ತಿ ಅಕಿಹಿತೋ ಯುವರಾಜನಾಗಿದ್ದಾಗ, 1963ರಿಂದ, ಗೋಬಿಗಳ ಭುಜದ ಮೂಳೆ, ತಲೆಯ ಮೇಲಿನ ಸಂವೇದನಾ ರಂಧ್ರಗಳನ್ನು ಹಿಡಿದು ಪ್ರಭೇದ ವಿಂಗಡಿಸುವ ಪ್ರಬಂಧ ಬರೆಯುತ್ತಾ ಬಂದರು. 2019ರಲ್ಲಿ ಸಿಂಹಾಸನ ಬಿಟ್ಟರು, ಮೀನು ಬಿಡಲಿಲ್ಲ. 2021ರಲ್ಲಿ ಮತ್ತೆರಡು ಹೊಸ ಗೋಬಿಗಳನ್ನು ಲೋಕಕ್ಕೆ ಪರಿಚಯಿಸಿದರು. ಅವರ ಗೌರವಾರ್ಥ ವನುವಾಟು ದ್ವೀಪದ ಹೊಳೆಯ ಒಂದು ಗೋಬಿ ಕುಲಕ್ಕೆ 'ಅಕಿಹಿತೋ' ಎಂದೇ ಹೆಸರಿದೆ. ರಾಜ್ಯ ಬಿಟ್ಟವರ ಕತೆ ನಮ್ಮಲ್ಲೂ ಬೇಕಾದಷ್ಟಿವೆ, ರಾಜ್ಯ ಬಿಟ್ಟು ಗೋಬಿಯ ರಂಧ್ರ ಎಣಿಸಿದವರು ಇವರೊಬ್ಬರೇ ಇರಬೇಕು.

ತರಿಸುವ ಮನಸ್ಸಾದವರಿಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಗಪ್ಪಿ, ಗೋಲ್ಡ್‌ಫಿಶ್‌ಗಳದೇ ಕಾರುಬಾರು. ಉಪ್ಪುನೀರಿನವು ಮುಂಬೈ, ಬೆಂಗಳೂರು, ಚೆನ್ನೈನ ಕೊಳತ್ತೂರಿನಿಂದ ಚೀಲದಲ್ಲಿ ಆಮ್ಲಜನಕ ತುಂಬಿಸಿಕೊಂಡು ಬರಬೇಕು. ಬಂದ ಚೀಲವನ್ನು ಧಡಕ್ಕನೆ ಸುರಿಯುವಂತಿಲ್ಲ, ಹನಿ ಹನಿಯಾಗಿ ತೊಟ್ಟಿಯ ನೀರು ಬೆರೆಸಿ ಉಪ್ಪಿನ ಮಟ್ಟ ಹೊಂದಿಸಬೇಕು. ತೊಟ್ಟಿಗೆ ಜಾಳಿಗೆಯ ಮುಚ್ಚಳ ಕಡ್ಡಾಯ, ಕೂತೇ ಇರುವ ಈ ಮೀನು ಬೆಚ್ಚಿದರೆ ಗಾಜಿನಾಚೆಗೆ ಹಾರುತ್ತದೆ. ಕಲ್ಲುಗಳನ್ನು ಮರಳಿನ ಮೇಲಲ್ಲ, ತಳದ ಗಾಜಿನ ಮೇಲೇ ಊರಿ ಆಮೇಲೆ ಮರಳು ಸುರಿಯಬೇಕು. ಇಲ್ಲವಾದರೆ ಸಿಗಡಿ ಅಡಿಪಾಯ ಅಗೆದು ಕಟ್ಟಡ ತನ್ನ ಮೇಲೇ ಕೆಡವಿಕೊಳ್ಳುತ್ತದೆ. ಸಾಕಣೆಯಲ್ಲೇ ಹುಟ್ಟಿದ ಮೀನು ಸಿಗುವುದಾದರೆ ಅದನ್ನೇ ಕೇಳಿ ಪಡೆಯಿರಿ. ಕೆರಿಬಿಯನ್ನಿನ ನಿಯಾನ್ ಗೋಬಿಯನ್ನು 1970ರ ದಶಕದಿಂದಲೇ ಮನುಷ್ಯರು ಮರಿ ಮಾಡಿಸುತ್ತಿದ್ದಾರೆ. ಕಪ್ಪು ಮೈಗೆ ವಿದ್ಯುತ್ತಿನಂಥ ನೀಲಿ ಗೆರೆ ಎಳೆದುಕೊಂಡ ಎರಡಿಂಚಿನ ಆ ಮೀನು ತನ್ನೂರಿನಲ್ಲಿ ದೈತ್ಯ ಗ್ರೂಪರ್‌ಗಳ ಬಾಯೊಳಗೆ ಹೊಕ್ಕು ಪರೋಪಜೀವಿಗಳನ್ನು ಹೆಕ್ಕಿ ತಿನ್ನುತ್ತದೆ, ನುಂಗಬಲ್ಲ ಬಾಯಿ ನುಂಗದೆ ತೆರೆದೇ ಇರುತ್ತದೆ! ನನ್ನ ಮನೆಯಲ್ಲಿ ಗ್ರೂಪರ್ ಇಲ್ಲದ್ದರಿಂದ ತೊಟ್ಟಿಗೆ ಕೈ ಹಾಕಿದಾಗ ಅದು ನನ್ನ ಮಣಿಕಟ್ಟಿನ ಮೇಲೆ ಕೂತು ತಪಾಸಣೆ ನಡೆಸುತ್ತದೆ.

ಈಗ ಮನೆಯಲ್ಲಿ ಹೊಸ ಸಂಭ್ರಮ. ನಿಯಾನ್ ಜೋಡಿ ಒಂದು ಕೊಳವೆಯ ತುಂಡಿನೊಳಗೆ ಮೊಟ್ಟೆ ಇಟ್ಟಿದೆ, ಗಂಡು ಬಾಗಿಲು ಬಿಟ್ಟು ಕದಲುತ್ತಿಲ್ಲ, ರೆಕ್ಕೆಯಿಂದ ಗಾಳಿ ಹಾಕುತ್ತಾ ಕೂತಿದೆ. ವಾರವೊಂದರಲ್ಲಿ ಒಡೆಯಬೇಕು. ಒಡೆದ ಮರಿಗಳ ಬಾಯಿ ಎಷ್ಟು ಸಣ್ಣದೆಂದರೆ ಆಗಷ್ಟೇ ಹುಟ್ಟಿದ ಆರ್ಟೀಮಿಯಾವೂ ಅವಕ್ಕೆ ದೊಡ್ಡ ತುತ್ತು. ಬೇಕಾದ್ದು ರೋಟಿಫರ್ ಎಂಬ ಸೂಕ್ಷ್ಮಜೀವಿ, ಮಿಲಿಮೀಟರಿನ ಕಾಲುಭಾಗದಷ್ಟರದ್ದು. ರೋಟಿಫರಿಗೆ ಮೇವು ಬೇಕು, ಮೇವಿಗೆ ಹಸಿರು ಪಾಚಿಯ ನೀರು ಬೇಕು, ಪಾಚಿಗೆ ಬಿಸಿಲು ಬೇಕು. ಬಿಸಿಲಿಗೆ ಹುಬ್ಬಳ್ಳಿ-ಧಾರವಾಡದಲ್ಲಿ ಬರವೇ? ಮಾಳಿಗೆಯ ಮೇಲೆ ಹಪ್ಪಳದ ಪಕ್ಕ ಉಪ್ಪುನೀರಿನ ಬಾಟಲಿಗಳು ಸಾಲಾಗಿ ನಿಂತು ಹಸಿರಾಗುತ್ತಿವೆ. ಹಪ್ಪಳ ಒಣಗಿಸುವವರ ತಕರಾರು ಇದೆ, ವಿಚಾರಣೆ ನಡೆದಿದೆ.